ಗಾಳಿಗೆ ಎಂಟು, ಕಾಲಿಗೆ ಐದು

ನಮ್ಮೂರಿಗೆ ದಿನಾ ಮಧ್ಯಾಹ್ನ ಮೂರೂವರೆಗೆ ಗಾಳಿ ಬರುತ್ತದೆ, ನಾಲ್ಕಕ್ಕೆ ನಿಲ್ಲುತ್ತದೆ. ಗಟ್ಟಿಮುಟ್ಟಾಗಿ ಇರುವವರು ಆ ಅರ್ಧ ಗಂಟೆ ತಲೆ ತಗ್ಗಿಸಿಕೊಂಡು ತಮ್ಮ ಪಾಡಿಗೆ ಕೆಲಸ ಮಾಡುತ್ತಾರೆ. ನಿತ್ರಾಣರಾದ ಮುದುಕರನ್ನು, ಮುದುಕಿಯರನ್ನು ಗಾಳಿ ಎತ್ತಿಕೊಂಡು ಹೋಗುತ್ತದೆ. ಮನೆಯೊಳಗೆ ಕೂತರೂ ಬಿಡುವುದಿಲ್ಲ. ಮುಂಬಾಗಿಲಿನಿಂದ ಬಂದು ಹಿತ್ತಿಲ ಬಾಗಿಲಿನಿಂದ ಕರೆದುಕೊಂಡು ಹೋಗುತ್ತದೆ. ಬಾಗಿಲು ಹಾಕಿ ನೋಡಿದವರಿದ್ದಾರೆ, ಅವರ ಬಾಗಿಲೂ ಹೋಗಿದೆ. ಹಾಗೆ ಹೋದವರು ಊರಾಚೆಯ ಎಳ್ಳಿನ ಹೊಲಗಳಲ್ಲಿ ಸಿಗುತ್ತಾರೆ. ಕೆಲವರಿಗೆ ಮೈ ತರಚಿರುತ್ತದೆ, ಕೆಲವರಿಗೆ ಕೈಕಾಲು ಮುರಿದಿರುತ್ತದೆ, ಕೆಲವರು ಉಳಿಯುವುದಿಲ್ಲ. ಅದಕ್ಕೇ ವಯಸ್ಸಾದವರು ಗಾಳಿಯಂಗಿ ತೊಡುತ್ತಾರೆ. ಪಾದದವರೆಗೆ ಬರುವ ದಪ್ಪ ಬಟ್ಟೆಯ ನಿಲುವಂಗಿ, ಅದರ ಕೆಳಗಿನ ಅಂಚಿನಲ್ಲಿ ಅರ್ಧರ್ಧ ಕೆಜಿಯ ಮರಳುಚೀಲಗಳು. ಅದನ್ನು ಹೊಲಿಯುವುದು ನನ್ನ ಕೆಲಸ. ದೊಡ್ಡಾಸ್ಪತ್ರೆಯ ಚೇತರಿಕೆ ವಾರ್ಡಿನ ಪಕ್ಕದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೊಲಿಯುತ್ತಿದ್ದೇನೆ. ನನ್ನ ಹೆಸರು ಇಂದ್ರಾಣಿ.

ಎಷ್ಟು ಚೀಲ ಎನ್ನುವುದನ್ನು ನಾನು ತೀರ್ಮಾನಿಸುವುದಿಲ್ಲ. ಡಾಕ್ಟರ್ ವೈಜಯಂತಿ ಅಳತೆ ಮಾಡಿ ಚೀಟಿ ಕಳಿಸುತ್ತಾರೆ. ಸೊಂಟ ಮುರಿದುಕೊಂಡವರು, ಪಾರ್ಶ್ವವಾಯು ಹೊಡೆದವರು, ತಿಂಗಳುಗಟ್ಟಲೆ ಜ್ವರದಲ್ಲಿ ಮಲಗಿ ಎದ್ದವರು, ಎಲ್ಲರೂ ಮನೆಗೆ ಹೋಗುವ ಮುಂಚೆ ಆ ಅಳತೆ ಕೊಡಬೇಕು. ತೂಕದ ಯಂತ್ರದ ಮೇಲೆ ನಿಲ್ಲಬೇಕು, ಕೈಹಿಡಿತದ ಯಂತ್ರ ಅದುಮಬೇಕು. ಆಮೇಲೆ ಚೀಲ ಹಾಕಿದ ಅಂಗಿ ತೊಟ್ಟು ಹದಿನೈದು ಅಡಿ ನಡೆಯಬೇಕು, ಕೈ ಆನಿಸದೆ ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. ಚೀಟಿಯಲ್ಲಿ ಎರಡು ಸಂಖ್ಯೆ ಇರುತ್ತವೆ. ಗಾಳಿ ಎತ್ತದ ಹಾಗೆ ಮೈಮೇಲೆ ಎಷ್ಟು ಚೀಲ ಬೇಕು ಎನ್ನುವುದು ಮೊದಲನೆಯದು. ಎಷ್ಟು ಚೀಲ ಹೊತ್ತು ಬೀಳದೆ ನಡೆಯಬಲ್ಲರು ಎನ್ನುವುದು ಎರಡನೆಯದು. ಕಾಲಿನ ಸಂಖ್ಯೆ ಗಾಳಿಯ ಸಂಖ್ಯೆಯನ್ನು ಮುಟ್ಟಿದರೆ ಮನೆ, ಮುಟ್ಟದಿದ್ದರೆ ತಗ್ಗಿನ ಕೇರಿ. ಊರಿನ ಕೆಳಗೆ, ಬಂಡೆಗಳ ಮರೆಯಲ್ಲಿ, ಗಾಳಿ ಇಳಿಯದ ಜಾಗ ಅದು. ಮುನಿಸಿಪಾಲಿಟಿಯವರು ಸಾಲುಮನೆ ಕಟ್ಟಿಸಿದ್ದಾರೆ, ಅಲ್ಲಿ ಯಾರಿಗೂ ಏನೂ ಕೊರತೆಯಿಲ್ಲ. ಆದರೆ ಅಲ್ಲಿಂದ ಮೇಲೆ ವಾಪಸು ಬಂದವರನ್ನು ನಾನು ಆವರೆಗೆ ನೋಡಿರಲಿಲ್ಲ. ಮೈಯಲ್ಲಿ ಶಕ್ತಿ ಕಡಿಮೆ ಇರುವವರಿಗೇ ಚೀಲ ಹೆಚ್ಚು ಬೇಕಾಗುತ್ತದೆ, ಅವರಿಗೇ ಅದನ್ನು ಹೊರಲಾಗುವುದಿಲ್ಲ. ವಾರ್ಡಿನಲ್ಲಿ ಜನ ಅಳುತ್ತಿದ್ದದ್ದು ಹೆಚ್ಚಾಗಿ ಇದಕ್ಕೇ.

ಸಣ್ಣೀರಪ್ಪನವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಬಂದರು. ಎಪ್ಪತ್ತಾರು ವರ್ಷ. ಕರೆಂಟ್ ಕಂಬ ಹತ್ತುವ ಲೈನ್‌ಮನ್ ಆಗಿದ್ದವರು. ಗಾಳಿ ಹೊತ್ತಿನಲ್ಲೂ ಕಂಬದ ತುದಿಯಲ್ಲಿ ಕೂತು ತಂತಿ ಬಿಗಿದವರು. ಮದುವೆಯಾಗಿರಲಿಲ್ಲ. ಮೇಲಿನ ಬೀದಿಯಲ್ಲಿ ಅಣ್ಣ ದೊಡ್ಡೀರಪ್ಪನವರ ಜೊತೆ ಇದ್ದರು. ಅಣ್ಣನ ಹೆಂಡತಿ ಹೆರಿಗೆಯಲ್ಲಿ ಮಗುವಿನ ಸಮೇತ ತೀರಿಕೊಂಡ ಮೇಲೆ ನಲವತ್ತು ವರ್ಷದಿಂದ ಆ ಮನೆಯಲ್ಲಿ ಇಬ್ಬರೇ. ಅಣ್ಣನದು ಅಡುಗೆ, ತಮ್ಮನದು ಮಿಕ್ಕ ಕೆಲಸ.

ಆಪರೇಷನ್ ಆಗಿ ಒಂದೂವರೆ ತಿಂಗಳಿಗೆ ಅವರ ಮೊದಲ ಅಳತೆ. ಕೈಹಿಡಿತದ ಯಂತ್ರ ಅದುಮಿದಾಗ ಮುಳ್ಳು ಆ ತುದಿಗೆ ಹೋಗಿ ನಿಂತಿತು. "ಡಾಕ್ಟ್ರಮ್ಮ, ಯಂತ್ರ ವಾಪಸು ಬೇಕಾ, ಇಲ್ಲ ಇಲ್ಲೇ ಪುಡಿ ಮಾಡ್ಲಾ?" ಎಂದರು. ವಾರ್ಡೆಲ್ಲ ನಕ್ಕಿತು. ಆದರೆ ಅಂಗಿಗೆ ಆರನೇ ಚೀಲ ಹಾಕಿದಾಗ ಕುರ್ಚಿಯಿಂದ ಮೂರನೇ ಸಲ ಏಳುವಷ್ಟರಲ್ಲಿ ತೊಡೆ ಗಡಗಡ ನಡುಗಿತು. ನಡೆಯುವಾಗ ಅಂಚಿನ ಚೀಲಗಳು ಕಣಕಾಲಿಗೆ ಬಡಿದು ಹೆಜ್ಜೆ ಅಡ್ಡ ಬಿತ್ತು. ನಗು ನಿಂತಿತು. ನನಗೆ ಬಂದ ಚೀಟಿಯಲ್ಲಿ ಗಾಳಿಗೆ ಎಂಟು, ಕಾಲಿಗೆ ಐದು ಎಂದಿತ್ತು.

"ಬರೀ ಮೂರು ಚೀಲ ಕಡಿಮೆ ಬಿದ್ದಿರೋದು, ಯಜಮಾನ್ರೆ. ಒಂದೂವರೆ ಕೆಜಿ," ಎಂದರು ಡಾಕ್ಟರ್. "ಅಷ್ಟು ಮೈ ತುಂಬ್ಕೊಂಡ್ರೆ ಗಾಳಿಗೂ ಐದೇ ಸಾಕಾಗುತ್ತೆ. ಒಂದು ತಿಂಗಳು ಟೈಮ್ ಕೊಡ್ತೀನಿ. ಚೆನ್ನಾಗಿ ತಿನ್ನಿ, ಎರಡು ಹೊತ್ತೂ ನಡೀರಿ."

ಡಾಕ್ಟರ್ ವೈಜಯಂತಿ ಕಟುಕರಲ್ಲ. ಅವರು ಒಂದು ಚೀಲ ಕಡಿಮೆ ಬರೆದು ಕಳಿಸಿದ ಒಬ್ಬ ಅಜ್ಜಿ ಎಳ್ಳಿನ ಹೊಲದಲ್ಲಿ ಸತ್ತು ಸಿಕ್ಕಿದ್ದರು. ಅದು ಅವರು ಕೆಲಸಕ್ಕೆ ಸೇರಿದ ಮೊದಲ ವರ್ಷ. ಆಮೇಲೆ ಅವರು ಯಾರ ಕಣ್ಣೀರಿಗೂ ಸಂಖ್ಯೆ ಬದಲಾಯಿಸಿದವರಲ್ಲ.

ದೊಡ್ಡೀರಪ್ಪನವರು ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಟಿಫನ್ ಕ್ಯಾರಿಯರ್ ಹಿಡಿದು ಬರುತ್ತಿದ್ದರು. ಎಂಬತ್ತೆರಡು ವರ್ಷ, ಕಡ್ಡಿಯಂಥ ಮೈ, ಇಸ್ತ್ರಿ ಮಾಡಿದ ಅಂಗಿ. ಒಂದು ಸಲವೂ ಅಳತೆಗೆ ಬಂದವರಲ್ಲ. "ನಾನೇನು ರೋಗಿಯಾ?" ಎನ್ನುತ್ತಿದ್ದರು. ಬಿಸಿ ಮುದ್ದೆ, ಸೊಪ್ಪಿನ ಸಾರು, ಒಂದೊಂದು ದಿನ ಮೊಟ್ಟೆ. ತಮ್ಮನ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರೆ ಊಟ ಮುಗಿಯುವ ತನಕ ಏಳುತ್ತಿರಲಿಲ್ಲ. ಇಷ್ಟಾದರೂ ವಾರಕ್ಕೊಮ್ಮೆ ನಾನು ಟೇಪು ಹಿಡಿದಾಗ ಸಣ್ಣೀರಪ್ಪನವರ ಸೊಂಟ ಒಂದು ಎಳೆಯೂ ಹೆಚ್ಚಾಗಿರುತ್ತಿರಲಿಲ್ಲ. ಆಸ್ಪತ್ರೆ ಊಟ, ಮನೆ ಊಟ ಎರಡೂ ಇದ್ದೂ ಹೀಗೇಕೆ ಎಂದು ನನಗೆ ಅರ್ಥವಾಗಲಿಲ್ಲ.

ಎರಡನೇ ಅಳತೆಗೆ ಐದು ದಿನ ಇದೆ ಎನ್ನುವಾಗ ಸಣ್ಣೀರಪ್ಪನವರು ಕೋಲು ಊರಿಕೊಂಡು ನನ್ನ ಕೋಣೆಗೆ ಬಂದರು.

"ಇಂದ್ರಾಣಮ್ಮ, ಒಳಗೆ ಹಾಕ್ಕೊಳೋಕೆ ಒಂದು ಕೈಯಿಲ್ಲದ ಬನಿಯನ್ ಹೊಲ್ಕೊಡ್ತೀಯಾ? ಸೊಂಟದ ಸುತ್ತ ಮೂರು ಚೀಲ ಹಿಡಿಸಬೇಕು. ಮೇಲೆ ಶರ್ಟು ಹಾಕಿದ್ರೆ ಕಾಣಬಾರದು."

ನಾನು ಮಿಷನ್ ನಿಲ್ಲಿಸಿದೆ. "ತೂಕದ ಯಂತ್ರಕ್ಕೆ ಮೋಸ ಮಾಡೋಕಾ, ಯಜಮಾನ್ರೆ? ನನ್ನ ಕೈಲಾಗಲ್ಲ. ಗಾಳಿಗೆ ಮೋಸ ಮಾಡಕ್ಕಾಗುತ್ತಾ?"

"ಗಾಳಿಗೆ ಯಾಕೆ ಮೋಸ? ಮನೆಗೆ ಹೋದ ಮೇಲೂ ಹಾಕ್ಕೋತೀನಿ. ಒಳಗೆ ಮೂರು, ಹೊರಗೆ ಐದು. ಎಂಟಾಯ್ತಲ್ಲ."

"ಎಂಟು ಹೊರಕ್ಕೆ ನಿಮಗಾಗಲ್ಲ ಅಂತ ತಾನೇ ಮೇಡಂ ಹೇಳಿದ್ದು?"

ಅವರು ಕೋಲನ್ನು ಗೋಡೆಗೆ ಒರಗಿಸಿ ನನ್ನ ಎದುರಿನ ಸ್ಟೂಲ್ ಮೇಲೆ ನಿಧಾನವಾಗಿ ಕೂತರು. "ತಗ್ಗಿನ ಕೇರಿ ಅಂದ್ರೆ ನನಗೇನೂ ಭಯ ಇಲ್ಲವ್ವ. ಅಣ್ಣ ಬರಲ್ಲ ಅಂತಾನೆ. ಮೇಲಿನ ಬೀದಿ ಬಿಟ್ಟು ಒಂದಿನ ಇರಲ್ಲ ಅಂತಾನೆ. ಇಷ್ಟು ವರ್ಷ ಗಾಳಿ ಹೊತ್ತಲ್ಲಿ ನಾನು ಅವನ ರಟ್ಟೆ ಹಿಡ್ಕೊಂಡು ಕೂರ್ತಿದ್ದೆ. ಅದು ಬೀದೀಲಿ ಯಾರಿಗೂ ಗೊತ್ತಿಲ್ಲ. ಈಗ ಏನ್ ಮಾಡ್ತಾನೆ ಗೊತ್ತಾ? ನಡುಮನೆ ಕಂಬಕ್ಕೆ ಹಗ್ಗ ಹಾಕಿ ಸೊಂಟಕ್ಕೆ ಕಟ್ಕೊಂಡು ಕೂರ್ತಾನೆ."

ಆಗುವುದಿಲ್ಲ ಎಂದೇ ಹೇಳಿ ಕಳಿಸಿದೆ. ಮರುದಿನ ದೊಡ್ಡೀರಪ್ಪನವರು ಕ್ಯಾರಿಯರ್ ಕೆಳಗಿಡಲು ಬಗ್ಗಿದಾಗ ಅವರ ಅಂಗಿ ಮೇಲೆ ಸರಿಯಿತು. ಸೊಂಟದ ಸುತ್ತ ಹಗ್ಗ ಉಜ್ಜಿ ಉಜ್ಜಿ ಚರ್ಮ ಕೆಂಪಗೆ ಸುಲಿದಿತ್ತು, ಒಂದು ಕಡೆ ಕೀವಾಗಿತ್ತು. ನಾನು ಮುಲಾಮು ತಂದುಕೊಟ್ಟೆ. "ಸೊಳ್ಳೆ ಕಚ್ಚಿದ್ದು ತಾಯಿ, ಕೆರ್ಕೊಂಡ್ಬಿಟ್ಟೆ," ಎಂದು ತೆಗೆದುಕೊಂಡರು. ಆ ದಿನ ಸಂಜೆ ಮನೆಗೆ ಹೋಗುವ ಮುಂಚೆ ಬನಿಯನ್ ಕತ್ತರಿಸಿದೆ. ಚೀಲಗಳನ್ನು ಚಪ್ಪಟೆ ಮಾಡಿ, ಎರಡನ್ನು ಬೆನ್ನಿನ ಕೆಳಭಾಗಕ್ಕೆ, ಒಂದನ್ನು ಹೊಕ್ಕುಳ ಹತ್ತಿರ, ಮೈಗೆ ಅಂಟಿಕೊಳ್ಳುವ ಹಾಗೆ ಹೊಲಿದೆ. ಕೊಡುವಾಗ, "ಒಂದಿನಾನೂ ತೆಗೀಬಾರ್ದು, ಯಜಮಾನ್ರೆ. ನಂಗೆ ಮಾತು ಕೊಡಿ," ಎಂದೆ. ಕೊಟ್ಟರು.

ಅಳತೆಯ ದಿನ ನಾನು ಅಂಗಿ ತೊಡಿಸುವ ನೆಪದಲ್ಲಿ ಅಲ್ಲೇ ಇದ್ದೆ. ತೂಕದ ಯಂತ್ರ ಒಂದೂವರೆ ಕೆಜಿ ಹೆಚ್ಚು ತೋರಿಸಿತು. ಡಾಕ್ಟರ್ ಮುಖ ಅರಳಿತು. ಐದು ಚೀಲದ ಅಂಗಿ ತೊಟ್ಟು ಸಣ್ಣೀರಪ್ಪನವರು ಹದಿನೈದು ಅಡಿ ನಡೆದರು, ಕುರ್ಚಿಯಿಂದ ಐದು ಸಲ ಎದ್ದರು. ಐದನೇ ಸಲ ತುಟಿ ಬಿಳಿಚಿತ್ತು, ಆದರೆ ಎದ್ದರು. "ಗಾಳಿಗೆ ಐದು, ಕಾಲಿಗೆ ಐದು! ನೋಡಿದ್ರಾ, ತಿಂದ್ರೆ ಆಗುತ್ತೆ ಅಂತ ಹೇಳಿದ್ನಲ್ಲ," ಎಂದು ಡಾಕ್ಟರ್ ಅವರ ಕೈ ಕುಲುಕಿದರು. ನನಗೆ ತಲೆ ಎತ್ತಲಾಗಲಿಲ್ಲ.

ಅವರು ಮೇಲಿನ ಬೀದಿಯ ಮನೆಗೆ ಹೋಗಿ ಹತ್ತೊಂಬತ್ತು ದಿನ ಕಳೆಯಿತು. ಇಪ್ಪತ್ತನೇ ದಿನ ಗಾಳಿ ನಿಂತ ಸ್ವಲ್ಪ ಹೊತ್ತಿಗೆ ಒಂದು ಆಟೋ ಬಂದು ವಾರ್ಡಿನ ಮೆಟ್ಟಿಲ ಹತ್ತಿರ ನಿಂತಿತು. ಹಿಂದಿನ ಸೀಟಿನಲ್ಲಿ ಅಣ್ಣತಮ್ಮ ಇಬ್ಬರೂ ಇದ್ದರು. ಸಣ್ಣೀರಪ್ಪನವರ ಎರಡು ಕೈಗೂ ಟವೆಲ್ ಸುತ್ತಿತ್ತು, ಟವೆಲ್ ತುಂಬ ರಕ್ತ. ಇಬ್ಬರೂ ಕ್ಷೌರಕ್ಕೆ ಹೋಗಿದ್ದರಂತೆ, ಬರುವುದು ತಡವಾಯಿತಂತೆ. ನಡುಬೀದಿಯಲ್ಲಿ ಗಾಳಿ ಹಿಡಿದು ಸಣ್ಣೀರಪ್ಪನವರ ಕಾಲು ನೆಲ ಬಿಟ್ಟಿತು. ಅಣ್ಣನ ರಟ್ಟೆ ತಪ್ಪಿತು, ಅಣ್ಣ ಪಕ್ಕದ ಅಂಗಡಿಯ ಜಗಲಿ ಕಂಬ ತಬ್ಬಿಕೊಂಡು ನಿಂತುಬಿಟ್ಟರಂತೆ. ಹಾರಿಕೊಂಡು ಹೋಗುವಾಗ ಬೀದಿ ಕೊನೆಯ ಕರೆಂಟ್ ಕಂಬವನ್ನು ನೆಲಕ್ಕೆ ಬಿಗಿದ ಎಳೆತಂತಿ ಕೈಗೆ ಸಿಕ್ಕಿತು. ಅದನ್ನೇ ಹಿಡಿದು, ಗಾಳಿ ನಿಲ್ಲುವ ತನಕ, ಒಣಗಲು ಹಾಕಿದ ಬಟ್ಟೆಯ ಹಾಗೆ ಪಟಪಟ ಬಡಿದುಕೊಂಡು ನೇತಾಡಿದರಂತೆ. ಅಂಗೈ ಚರ್ಮ ಪೂರಾ ಹೋಗಿತ್ತು.

"ನೀನು ಯಾಕಯ್ಯ ಹಾರಿದ್ದು? ನಾನು ನೆಟ್ಟಗೆ ನಿಂತಿದ್ನಲ್ಲ!" ಎಂದು ದೊಡ್ಡೀರಪ್ಪನವರು ಬೆಂಚಿನ ಮೇಲೆ ಕೂತು ಅಳುತ್ತಿದ್ದರು. ಅವರ ಅಂಗಿಯ ಕೆಳಗೆ, ಹೊಕ್ಕುಳ ಹತ್ತಿರ, ಚಪ್ಪಟೆಯಾದ ಒಂದು ಉಬ್ಬು ಕಾಣಿಸಿತು. ನನ್ನ ಹೊಲಿಗೆ ನನಗೆ ಗೊತ್ತಾಗದೆ ಇರುತ್ತದೆಯೇ?

ಡಾಕ್ಟರ್ ಗಾಯಕ್ಕೆ ಪಟ್ಟಿ ಹಾಕಿಸಿ, ಸಣ್ಣೀರಪ್ಪನವರನ್ನು ತೂಕಕ್ಕೆ ನಿಲ್ಲಿಸಿದರು. ಯಂತ್ರ ನೋಡಿ, ಹಳೆಯ ಹಾಳೆ ನೋಡಿ, ಮತ್ತೆ ಯಂತ್ರ ನೋಡಿದರು. "ಇಪ್ಪತ್ತು ದಿನಕ್ಕೆ ಒಂದೂವರೆ ಕೆಜಿ ಇಳಿದಿದೆ," ಎಂದು ಮೆಲ್ಲಗೆ ನರ್ಸಿಗೆ ಹೇಳಿದರು. "ಒಳಗೇನೋ ದೊಡ್ಡ ಕಾಯಿಲೆ ಇರಬೇಕು. ಸ್ಕ್ಯಾನಿಂಗ್‌ಗೆ ಬರೀರಿ. ಗಂಟಲಿಗೆ ಕೊಳವೆ ಬಿಟ್ಟು ಹೊಟ್ಟೆ ನೋಡಬೇಕು." ಸಣ್ಣೀರಪ್ಪನವರು ನನ್ನನ್ನೇ ನೋಡುತ್ತಿದ್ದರು. ಬೇಡ ಎನ್ನುವ ಹಾಗೆ ಕತ್ತು ಅಲ್ಲಾಡಿಸಿದರು.

"ಕಾಯಿಲೆ ಇಲ್ಲ ಮೇಡಂ," ಎಂದೆ. "ಆ ಒಂದೂವರೆ ಕೆಜಿ ಮರಳು. ನಾನೇ ಹೊಲಿದುಕೊಟ್ಟಿದ್ದು."

ಡಾಕ್ಟರ್ ನನ್ನನ್ನು ಬೈಯಲಿಲ್ಲ. ಕುರ್ಚಿಯಲ್ಲಿ ಕೂತರು. "ಇವರು ಆ ತಂತಿ ಹಿಡೀದೆ ಇದ್ದಿದ್ರೆ, ಇಂದ್ರಾಣಮ್ಮ?" ಎಂದು ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

"ಅವಳದೇನೂ ತಪ್ಪಿಲ್ಲ ಡಾಕ್ಟ್ರಮ್ಮ," ಎಂದರು ಸಣ್ಣೀರಪ್ಪ. "ತೆಗೀಬೇಡಿ ಅಂದಿದ್ಲು. ನಾನು ಹದಿನೈದು ದಿನ ತೆಗೀಲಿಲ್ಲ. ಆಮೇಲೆ ಒಂದಿನ ಅಣ್ಣನ ರಟ್ಟೆ ಹಿಡ್ಕೊಂಡಾಗ ಕೈಯೊಳಗೆ ಏನೂ ಇಲ್ಲ ಅನ್ನಿಸ್ತು. ಅಷ್ಟು ಸಣ್ಣ ಆಗಿದ್ದ. ಬನಿಯನ್ ಬಿಚ್ಚಿ ಅವನಿಗೇ ಹಾಕಿದೆ. ಚಳಿಗೆ ಹೊಲಿಸಿದ್ದು ಅಂತ ಹೇಳಿದೆ. ಮನೇಲಿ ನಾನು ಒಂದು ಕೈಲಿ ಕಂಬ, ಒಂದು ಕೈಲಿ ಅವನ ರಟ್ಟೆ ಹಿಡ್ಕೊಂಡು ಕೂರ್ತಿದ್ದೆ."

ದೊಡ್ಡೀರಪ್ಪನವರು ಅಳು ನಿಲ್ಲಿಸಿ ತಮ್ಮ ಹೊಟ್ಟೆ ಮುಟ್ಟಿ ನೋಡಿಕೊಂಡರು. "ಚಳಿಗೆ ಇಷ್ಟು ಭಾರ ಯಾಕೋ ಅಂತ ನಾನೂ ಕೇಳಿದ್ದೆ," ಎಂದರು.

ಡಾಕ್ಟರ್ ಹಳೆಯ ಹಾಳೆಯ ಮೇಲೆ ಬೆರಳಿಟ್ಟು ಕೂತೇ ಇದ್ದರು. ಆಮೇಲೆ ತಟ್ಟನೆ ತಲೆ ಎತ್ತಿದರು. "ಅಳತೆಯ ದಿನ ಒಳಗೆ ಮೂರು ಇತ್ತಾ? ಹೊರಗೆ ಐದು? ಹಾಗಾದ್ರೆ ಇವರು ಎಂಟು ಹೊತ್ತುಕೊಂಡು ಎದ್ದಿದ್ದಾರೆ! ಅದಕ್ಕೆ ಮುಂಚೆ ಆರಕ್ಕೇ ಕಾಲು ನಡುಗಿತ್ತಲ್ಲ?"

ಅದು ನನಗೂ ಹೊಳೆದಿರಲಿಲ್ಲ. ಆದರೆ ಕೇಳಿದ ಕೂಡಲೇ ಕೈಗೆ ಉತ್ತರ ಗೊತ್ತಾಯಿತು. "ಮೇಡಂ, ಅಂಚಿನ ಚೀಲ ಕಾಲನ್ನು ಎಳೆಯುತ್ತೆ. ಹೆಜ್ಜೆ ಹೆಜ್ಜೆಗೂ ಕಣಕಾಲಿಗೆ ಬಡಿಯುತ್ತೆ. ಸೊಂಟಕ್ಕೆ ಬಿಗಿದಿದ್ದು ಮೈ ಜೊತೇಲೇ ಬರುತ್ತೆ. ಮಗೂನ ಕಂಕುಳಲ್ಲಿ ಎತ್ಕೊಂಡಷ್ಟೇ." ಗಾಳಿ ಕೆಳಗಿನಿಂದ ಎತ್ತುತ್ತದೆ ಎಂದು ಅಂಚಿಗೆ ಚೀಲ ಹಾಕುವುದು ನಮ್ಮೂರಿನ ಪದ್ಧತಿ. ನನ್ನ ಅಜ್ಜಿಯ ಕಾಲದಿಂದ ಹಾಗೇ ಹೊಲಿಯುತ್ತಿದ್ದರು, ನಾನೂ ಹೊಲಿದೆ, ಯಾರೂ ಕೇಳಿರಲಿಲ್ಲ.

ಸಣ್ಣೀರಪ್ಪನವರ ಅಂಗಿ ಬಿಚ್ಚಿ ಎಂಟು ಚೀಲಕ್ಕೆ ಹೊಸದಾಗಿ ಹೊಲಿದೆ. ಅದು ಮೇಲೆದ್ದು ಮುಖಕ್ಕೆ ಬಡಿಯಬಾರದೆಂದು ಎರಡು ಚೀಲ ಅಂಚಿನಲ್ಲೇ ಬಿಟ್ಟೆ, ಆರನ್ನು ಸೊಂಟಕ್ಕೆ ತಂದೆ. ಮೂರು ದಿನ ಬಿಟ್ಟು, ಕೈನೋವು ಸ್ವಲ್ಪ ಇಳಿದ ಮೇಲೆ, ಸಣ್ಣೀರಪ್ಪನವರು ಅದನ್ನು ತೊಟ್ಟು ಎದ್ದರು. ಒಂದು, ಎರಡು, ಮೂರು, ನಾಲ್ಕು, ಐದು. ಕಾಲು ನಡುಗಲಿಲ್ಲ. ಹದಿನೈದು ಅಡಿ ನಡೆದು, ಗೋಡೆ ಮುಟ್ಟಿ, ಯಾರೂ ಹೇಳದಿದ್ದರೂ ವಾಪಸು ನಡೆದು ಬಂದರು. ಗಾಳಿಗೆ ಎಂಟು, ಕಾಲಿಗೆ ಎಂಟು. ಡಾಕ್ಟರ್ ಕಿಟಕಿಯ ಕಡೆ ತಿರುಗಿ ನಿಂತರು. ತಗ್ಗಿನ ಕೇರಿಗೆ ತಾವು ಬರೆದು ಕಳಿಸಿದ ಹೆಸರುಗಳು ಅವರಿಗೆ ನೆನಪಾಗುತ್ತಿವೆ ಎಂದು ನನಗೆ ಅನ್ನಿಸಿತು. ಏಕೆಂದರೆ ನನಗೂ ನೆನಪಾಗುತ್ತಿದ್ದವು.

ಆಮೇಲೆ ಅವರು ದೊಡ್ಡೀರಪ್ಪನವರ ಕಡೆ ತಿರುಗಿದರು. "ಈಗ ನೀವು ಹತ್ತಿ, ಯಜಮಾನ್ರೆ."

"ನಾನೇನು ರೋಗಿಯಾ?"

"ಅಣ್ಣ, ಹತ್ತು," ಎಂದರು ಸಣ್ಣೀರಪ್ಪ.

ಬನಿಯನ್ ಬಿಚ್ಚಿಸಿ ನಿಲ್ಲಿಸಿದರೆ ಆರಡಿ ಎತ್ತರದ ಆ ಮನುಷ್ಯ ಮೂವತ್ತೊಂಬತ್ತು ಕೆಜಿ ಇದ್ದರು. ಗಾಳಿಗೆ ಹದಿನಾಲ್ಕು. ಸೊಂಟಕ್ಕೆ ಹಾಕಿದರೂ ಕಾಲಿಗೆ ಆರು. ಡಾಕ್ಟರ್ ಪೆನ್ನು ಕೆಳಗಿಟ್ಟು, ತಾವು ಅದುವರೆಗೆ ಯಾರನ್ನೂ ಕೇಳದ ಒಂದು ಪ್ರಶ್ನೆ ಕೇಳಿದರು. "ನಿಮ್ಮಿಬ್ಬರಲ್ಲಿ ಊಟ ಮಾಡ್ತಿದ್ದೋರು ಯಾರು?"

ಒಂದೊಂದಾಗಿ ಹೊರಬಿತ್ತು. ಸಣ್ಣೀರಪ್ಪನವರು ಆಸ್ಪತ್ರೆಯ ತಟ್ಟೆಯನ್ನು, ಅಣ್ಣ ತರುತ್ತಾನೆ ಎಂದು, ಪಕ್ಕದ ಮಂಚಕ್ಕೆ ಕೊಡುತ್ತಿದ್ದರು. ಅಣ್ಣ ಬಂದರೆ, ಆಸ್ಪತ್ರೆಯಲ್ಲಿ ಹೊಟ್ಟೆ ತುಂಬಿತು ಎಂದು ಕ್ಯಾರಿಯರ್ ಅವರ ಮುಂದೆಯೇ ತಳ್ಳುತ್ತಿದ್ದರು. ಅಣ್ಣ ತಮ್ಮನ ಸಮಾಧಾನಕ್ಕೆ ನಾಲ್ಕು ತುತ್ತು ತಿಂದು, ಮಿಕ್ಕದ್ದನ್ನು ಸಂಜೆಗೆ ಬಿಸಿ ಮಾಡಿಕೊಳ್ಳುತ್ತೇನೆ ಎಂದು ಮುಚ್ಚಿ ಒಯ್ದು, ತಮ್ಮನೇ ಸರಿಯಾಗಿ ತಿನ್ನಲಿಲ್ಲವಲ್ಲ ಎಂದು ಮುಟ್ಟದೆ ಬಿಡುತ್ತಿದ್ದರು. ಮರುದಿನ ತಮ್ಮನಿಗೆ ಅದಕ್ಕಿಂತ ಒಳ್ಳೆಯದು ತರಬೇಕೆಂದು ಸಾಮಾನು ಉಳಿಸಿ, ಮನೆಯಲ್ಲಿ ತಮಗೇನೂ ಬೇಯಿಸಿಕೊಳ್ಳುತ್ತಿರಲಿಲ್ಲ. ಮನೆಗೆ ಹೋದ ಮೇಲೂ ಇದೇ ನಡೆದಿತ್ತು. "ನೀವು ಒಬ್ಬರಿಗೊಬ್ಬರು ಬಡಿಸಿ ಬಡಿಸಿ ಇಬ್ಬರೂ ಉಪವಾಸ ಬಿದ್ದಿದ್ದೀರ," ಎಂದು ನರ್ಸು ಕಣ್ಣೊರೆಸಿಕೊಂಡಳು.

ಎರಡು ತಿಂಗಳು ಇಬ್ಬರನ್ನೂ ವಾರ್ಡಿನಲ್ಲೇ ಇಟ್ಟುಕೊಂಡರು. ಅಕ್ಕಪಕ್ಕದ ಮಂಚ, ಎರಡು ತಟ್ಟೆ, ಎದುರಿಗೆ ಆಯಾ. ನನಗೆ ಸೂಪರಿಂಟೆಂಡೆಂಟರಿಂದ ಮೆಮೋ ಬಂತು. ಅದರ ಜೊತೆಗೆ ವಾರ್ಡಿನ ಮೂವತ್ತೆರಡು ಗಾಳಿಯಂಗಿಗಳನ್ನೂ ಬಿಚ್ಚಿ ಹೊಸದಾಗಿ ಹೊಲಿಯುವ ಕೆಲಸವೂ ಬಂತು. ಮೆಮೋವನ್ನು ಮಡಿಸಿಟ್ಟು ಹೊಲಿದೆ. ಆ ತಿಂಗಳು, ತಗ್ಗಿನ ಕೇರಿಗೆ ಎಂದು ಬರೆದಾಗಿದ್ದ ನಾಲ್ವರು ಮನೆಗೆ ಹೋದರು. ಮುಂದಿನ ತಿಂಗಳು ಡಾಕ್ಟರ್ ತಾವೇ ತಗ್ಗಿನ ಕೇರಿಗೆ ಇಳಿದು ಅಲ್ಲಿದ್ದವರನ್ನು ಮತ್ತೆ ಅಳೆದರು. ಆರು ಜನ ಮೇಲೆ ಬಂದರು. ಬರಲು ಒಪ್ಪದವರೂ ಇದ್ದರು.

ದೊಡ್ಡೀರಪ್ಪನವರು ಮೂರು ಕೆಜಿ ಹೆಚ್ಚಾದರು. ದಿನಾ ನಡೆದರು, ಬೈದುಕೊಂಡೇ ನಡೆದರು. ಆದರೂ ಗಾಳಿಗೆ ಎಂಟು, ಕಾಲಿಗೆ ಆರಕ್ಕೆ ನಿಂತುಬಿಟ್ಟಿತು. ಎಂಬತ್ತೆರಡು ವರ್ಷದ ಮೈಯಲ್ಲಿ ಅದಕ್ಕಿಂತ ಹೆಚ್ಚಿನ ಬಲ ಹುಟ್ಟಲಿಲ್ಲ. ಡಾಕ್ಟರ್ ಅವರ ಮಂಚದ ಮೇಲೇ ಕೂತು, ಇನ್ನು ತಗ್ಗಿನ ಕೇರಿಯೇ ಎಂದು ಹೇಳಿದರು. ಮುದುಕರು ಗೋಡೆಗೆ ಮುಖ ಮಾಡಿ ಮಲಗಿದರು, ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಸಣ್ಣೀರಪ್ಪನವರಿಗೆ ಅಷ್ಟು ಹೊತ್ತಿಗೆ ಆರು ಚೀಲ ಸಾಕಾಗಿತ್ತು, ಕಾಲು ಒಂಬತ್ತು ಹೊರುತ್ತಿತ್ತು.

"ನಿಮ್ಮ ಬಿಡುಗಡೆ ಕಾಗದ ರೆಡಿ ಇದೆ, ಯಜಮಾನ್ರೆ," ಎಂದರು ಡಾಕ್ಟರ್. "ಮೇಲಿನ ಬೀದಿಗೇ."

"ನಂದೂ ಕೆಳಕ್ಕೇ ಬರೀರಿ ಡಾಕ್ಟ್ರಮ್ಮ."

"ನಿಮ್ಮನ್ನ ಕಳಿಸಕ್ಕೆ ಬರಲ್ಲ. ಅಳತೇಲಿ ಪಾಸಾದೋರಿಗೆ ಅಲ್ಲಿ ಮನೆ ಕೊಡಲ್ಲ."

"ಮನೆ ಯಾರು ಕೇಳಿದ್ರು? ಅಣ್ಣನ ಮನೇಲಿ ಇರ್ತೀನಿ. ಇಷ್ಟು ದಿನ ಇದ್ದಿದ್ದೂ ಅವನ ಮನೇಲೇ." ಗೋಡೆ ಕಡೆ ತಿರುಗಿದ್ದ ಅಣ್ಣನ ಬೆನ್ನನ್ನು ತೋರಿಸಿದರು. "ಅಲ್ಲಿ ಇವನ ರಟ್ಟೆ ಹಿಡ್ಕೊಳೋದು ಬೇಕಾಗಲ್ಲ ಅಂತ ಗೊತ್ತು. ಆದ್ರೂ ಅಭ್ಯಾಸ ಆಗ್ಬಿಟ್ಟಿದೆ."

ಡಾಕ್ಟರ್ ದೊಡ್ಡೀರಪ್ಪನವರ ಚೀಟಿ ತೆಗೆದು, ಎರಡು ಸಂಖ್ಯೆಗಳ ಕೆಳಗೆ ಮೂರನೆಯ ಒಂದು ಸಾಲು ಬರೆದರು: 'ಜೊತೆಗೆ ಒಬ್ಬರು.' ಈಗ ನಮ್ಮ ಚೀಟಿಗಳಲ್ಲಿ ಆ ಸಾಲಿಗೆ ಜಾಗ ಅಚ್ಚಾಗಿಯೇ ಬರುತ್ತದೆ.

ಮಂಗಳವಾರ ಬೆಳಿಗ್ಗೆ ಹೊರಟರು. ತಗ್ಗಿನ ಕೇರಿಗೆ ತೊಂಬತ್ತು ಮೆಟ್ಟಿಲು. ದೊಡ್ಡೀರಪ್ಪನವರನ್ನು ಇಬ್ಬರು ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಸಣ್ಣೀರಪ್ಪನವರು ಕೋಲು ಹಿಡಿದು ತಾವೇ ಇಳಿದರು. ನಾನು ಪಾತ್ರೆಯ ಗಂಟು ಹೊತ್ತಿದ್ದೆ. ನಮ್ಮೂರಿನಲ್ಲಿ ಮೇಲಿನ ಬೀದಿಯವರೆಲ್ಲ ದೊಡ್ಡ ದನಿಯಲ್ಲೇ ಮಾತಾಡುತ್ತಾರೆ. ಗಾಳಿ ಇಲ್ಲದ ಹೊತ್ತಿನಲ್ಲೂ ಅಲ್ಲಿ ಸುಯ್ಯೆನ್ನುವ ಒಂದು ಸದ್ದು ಸದಾ ಇರುತ್ತದೆ, ಹುಟ್ಟಿದಾಗಿನಿಂದ ಇರುವುದರಿಂದ ಯಾರಿಗೂ ಅದು ಕೇಳಿಸುವುದಿಲ್ಲ. ಅರವತ್ತನೇ ಮೆಟ್ಟಿಲು ದಾಟಿದ ಮೇಲೆ ಆ ಸದ್ದು ನಿಂತುಹೋಯಿತು. ಕೆಳಗೆ ಹೋಗಿ ಮನೆ ಮುಂದೆ ಕುರ್ಚಿ ಇಳಿಸಿದಾಗ ಸಣ್ಣೀರಪ್ಪನವರು ಎಂದಿನಂತೆ ಅಣ್ಣನ ಕಿವಿಯ ಹತ್ತಿರ ಬಗ್ಗಿ, "ಅಣ್ಣಾ! ಮನೆ ಬಂತು! ನಿಧಾನಕ್ಕೆ ಏಳು!" ಎಂದು ಕೂಗಿದರು.

ಎರಡು ದಿನದಿಂದ ಬಾಯಿ ಬಿಡದಿದ್ದ ದೊಡ್ಡೀರಪ್ಪನವರು ಬೆಚ್ಚಿಬಿದ್ದು ತಮ್ಮನ ಮುಖ ನೋಡಿದರು.

"ಯಾಕೋ ಸಣ್ಣ, ಹಾಗೆ ಕಿರುಚ್ತೀಯ?" ಎಂದರು, ಬಹಳ ಮೆಲ್ಲಗೆ. "ಇಲ್ಲೇ ಇದ್ದೀನಿ. ಕೇಳಿಸ್ತಾ ಇದೆ."